ಎಲ್ಲರ ಕೈಗೆ ಸಿಕ್ಕ ದಿನವೇ ಅವರ ಕೈಗೂ

ಮಗಳೇ,

ತ್ರಿಪ್ಪುಣಿತ್ತುರದ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತೆಂದು ನೀನು ತಿಳಿಸಿದಾಗ ತುಂಬ ಸಂತೋಷವಾಯಿತು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವಳು ಕೊಚ್ಚಿಯ ಮಕ್ಕಳಿಗೆ ಪುಸ್ತಕ ಕೊಡುವವಳಾದೆ. ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವನು ನಾನು. ವರ್ಗೀಕರಣ, ಸೂಚೀಕರಣವೆಲ್ಲ ನಿನಗೆ ಗೊತ್ತಿದೆ, ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹೇಳಬೇಕೆನಿಸಿದ್ದು ಒಂದೇ ವಿಷಯ. ನಿನ್ನಲ್ಲಿಗೆ ಕಣ್ಣು ಕಾಣದವರು ಬರುತ್ತಾರೆ, ಕಿವಿ ಕೇಳದವರು ಬರುತ್ತಾರೆ, ಗಾಲಿಕುರ್ಚಿಯಲ್ಲಿ ಬರುವವರಿರುತ್ತಾರೆ, ಸಾಲುಸಾಲಾಗಿ ಅಕ್ಷರ ಕಂಡರೂ ಓದಲು ತಿಣುಕುವವರಿರುತ್ತಾರೆ. ತರಗತಿಯ ಉಳಿದವರ ಕೈಗೆ ಪುಸ್ತಕ ಯಾವತ್ತು ಸಿಗುತ್ತದೋ ಅವತ್ತೇ ಇವರ ಕೈಗೂ ಸಿಗಬೇಕು. ನಿನ್ನ ಸೇವೆಯನ್ನು ಅಳೆಯಲು ಈ ಒಂದು ಅಳತೆಗೋಲು ಸಾಕು.

ಇದನ್ನೇ ಯಾಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಗ್ರಂಥಾಲಯಗಳಲ್ಲಿ ಇಂಥ ಓದುಗರಿಗೆ ಯಾರೂ ‘ಇಲ್ಲ’ ಅನ್ನುವುದಿಲ್ಲ. ‘ನೋಡೋಣ’, ‘ಮುಂದಿನ ವಾರ ಬಾ’, ‘ಸ್ಕ್ಯಾನ್ ಮಾಡುವವರು ರಜೆಯಲ್ಲಿದ್ದಾರೆ’ ಅನ್ನುತ್ತೇವೆ. ಹಾಗೆನ್ನುತ್ತಲೇ ಸೆಮಿಸ್ಟರ್ ಮುಗಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಸಿಕ್ಕ ಪುಸ್ತಕ ಊಟಕ್ಕಿಲ್ಲದ ಉಪ್ಪಿನಕಾಯಿ. ಹಾಗೆ ಕಾದು ಸೋತ ಹುಡುಗ ಎರಡನೆಯ ಸಲ ಗ್ರಂಥಾಲಯದ ಮೆಟ್ಟಿಲು ಹತ್ತುವುದಿಲ್ಲ. ಆಮೇಲೆ ನಾವೇ, ‘ಅಂಥವರು ಯಾರೂ ಇಲ್ಲಿಗೆ ಬರುವುದಿಲ್ಲ, ಸೌಲಭ್ಯ ಮಾಡಿ ಏನು ಪ್ರಯೋಜನ’ ಎಂದು ವರದಿ ಬರೆಯುತ್ತೇವೆ.

ನಮ್ಮ ವೃತ್ತಿಗೆ ನೆಲೆ ಹಾಕಿಕೊಟ್ಟ ಎಸ್. ಆರ್. ರಂಗನಾಥನ್ ಅವರನ್ನು ಇಲ್ಲಿ ನೆನೆಯಬೇಕು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಅವರು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಓದುಗನ ಸಮಯವನ್ನು ಉಳಿಸಬೇಕೆನ್ನುವುದು ಅವುಗಳಲ್ಲಿ ನಾಲ್ಕನೆಯದು. ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ನಾವು, ದೃಷ್ಟಿಯಿಲ್ಲದ ಓದುಗನ ಸಮಯವೂ ಸಮಯವೇ ಎಂಬುದನ್ನು ಮರೆತುಬಿಡುತ್ತೇವೆ. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. ನಮ್ಮ ಮಂಗಳೂರಿನಲ್ಲೂ ಪಾಠ ಹೇಳಿದವರು. ಮಾತಿನ ತೊಡಕು ತನ್ನ ಮೇಷ್ಟ್ರಗಿರಿಗೇ ಅಡ್ಡಿಯಾದೀತು ಎನ್ನುವ ಸ್ಥಿತಿಯಿಂದ ಪ್ರಯತ್ನಪಟ್ಟು ಹೊರಬಂದವರು. ದೇಹದ ಒಂದು ತೊಡಕಿಗಾಗಿ ಒಬ್ಬ ಮನುಷ್ಯನನ್ನು ಬದಿಗೆ ಸರಿಸಿದರೆ ಲೋಕಕ್ಕೆ ಎಷ್ಟು ನಷ್ಟವಾಗಬಹುದು ಅನ್ನುವುದಕ್ಕೆ ಅವರ ಬದುಕೇ ಸಾಕ್ಷಿ.

ನೀನು ಹೋಗುತ್ತಿರುವ ಊರು ಓದಿನ ಊರು. ಸಂಸ್ಕೃತ ಕಾಲೇಜು, ಆಯುರ್ವೇದ ಕಾಲೇಜು, ಆರ್‌ಎಲ್‌ವಿ ಸಂಗೀತ ಮತ್ತು ಲಲಿತಕಲೆಗಳ ಕಾಲೇಜು ಎಲ್ಲವೂ ಅಲ್ಲಿವೆ. ಆ ಎರ್ನಾಕುಲಂ ಜಿಲ್ಲೆಯೇ 1990ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾದದ್ದು. ತಿರುವನಂತಪುರ 1829ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಂಡಿತ್ತು. 1945ರಲ್ಲಿ ಪಿ. ಎನ್. ಪಣಿಕ್ಕರ್ ಅಂಬಲಪುಳದಲ್ಲಿ ತಿರುವಾಂಕೂರಿನ ಗ್ರಂಥಾಲಯಗಳನ್ನು ಒಂದುಗೂಡಿಸಿದ ಮೇಲೆ ಹಳ್ಳಿಹಳ್ಳಿಗೂ ವಾಚನಾಲಯ ಬಂತು. ಇಂಥ ನಾಡಿನ ಕಾಲೇಜು ಗ್ರಂಥಾಲಯದಲ್ಲಿ ಒಬ್ಬ ಓದುಗ ಬಾಗಿಲಲ್ಲೇ ನಿಂತುಬಿಟ್ಟರೆ ಆ ಚಳವಳಿ ಪೂರ್ತಿಯಾಗಲಿಲ್ಲ ಎಂದೇ ಅರ್ಥ.

2024ರ ಮಾರ್ಚ್‌ನಲ್ಲಿ ಕೊಚ್ಚಿ ಮೆಟ್ರೋ ತ್ರಿಪ್ಪುಣಿತ್ತುರಕ್ಕೆ ಬಂದು ಮುಟ್ಟಿತು. ಸಾಲಿನ ಒಂದು ತುದಿ ಆಲುವ, ಇನ್ನೊಂದು ತುದಿ ನಿನ್ನೂರು. ಆಲುವದ ಹತ್ತಿರ ಕೀಳ್ಮಾಡ್‌ನಲ್ಲಿ ಅಂಧಮಕ್ಕಳ ಶಾಲೆಯಿದೆ. ಅಂಥ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ಬಿಳಿಕೋಲು ಹಿಡಿದು, ನಿಲ್ದಾಣದ ನೆಲದಲ್ಲಿ ಹಾಸಿದ ಉಬ್ಬುಗೆರೆಯ ಜಾಡು ಹಿಡಿದು, ಮುಂದಿನ ನಿಲ್ದಾಣ ಯಾವುದೆಂದು ಕಿವಿಯಲ್ಲೇ ಕೇಳಿಕೊಂಡು ಇಪ್ಪತ್ತೆಂಟು ಕಿಲೋಮೀಟರ್ ಒಬ್ಬಳೇ ಬರಬಹುದು. ನಿನ್ನ ಕಾಲೇಜಿನ ಗೇಟಿನಿಂದ ಗ್ರಂಥಾಲಯದ ಕೌಂಟರಿನವರೆಗಿನ ಹೆಜ್ಜೆಗಳಿಗೆ ಮಾತ್ರ ಅವಳು ಯಾರದೋ ಕೈ ಹಿಡಿಯಬೇಕೆ? ಆ ದಾರಿಯನ್ನು ಮೊದಲ ವಾರವೇ ನೀನು ನಡೆದು ನೋಡು. ಎಲ್ಲಿ ಚರಂಡಿಯ ಚಪ್ಪಡಿ ಎದ್ದಿದೆ, ಎಲ್ಲಿ ಬೈಕುಗಳು ಅಡ್ಡ ನಿಂತಿವೆ, ಎಲ್ಲಿ ಮಳೆಗಾಲದ ಪಾಚಿ ಕಟ್ಟಿದೆ, ಎಲ್ಲವನ್ನೂ ಬರೆದುಕೊಂಡು ಪ್ರಾಂಶುಪಾಲರ ಮೇಜಿನ ಮೇಲಿಡು.

ಕಟ್ಟಡದ ಮಾತು ಬಂದಾಗ ಲೆಕ್ಕ ತಿಳಿದಿರಬೇಕು. ಇಳಿಜಾರಿನ ರ‍್ಯಾಂಪ್ ಒಂದಕ್ಕೆ ಹನ್ನೆರಡರ ಅನುಪಾತದಲ್ಲಿರಬೇಕು. ಬಾಗಿಲಲ್ಲಿ ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಒಟ್ಟು ಎತ್ತರ ಒಂದೂವರೆ ಅಡಿ. ಹಾಗಾದರೆ ರ‍್ಯಾಂಪ್ ಹದಿನೆಂಟು ಅಡಿ ಉದ್ದ ಬೇಕು. ಜಾಗ ಇಲ್ಲವೆಂದು ಆರು ಅಡಿಯಲ್ಲಿ ಮುಗಿಸಿದ ರ‍್ಯಾಂಪುಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅದರ ಮೇಲೆ ಗಾಲಿಕುರ್ಚಿ ತಾನಾಗಿ ಹತ್ತದು, ಇಳಿಯುವಾಗ ಮಗುಚಿಕೊಂಡೀತು. ಕಪಾಟುಗಳ ನಡುವಿನ ಓಣಿ ಕುರ್ಚಿ ದಾಟುವಷ್ಟಿದ್ದರೆ ಸಾಲದು, ತುದಿಯಲ್ಲಿ ಅದು ತಿರುಗುವಷ್ಟು, ಎಂದರೆ ಸುಮಾರು ಐದಡಿ ತೆರವು ಬೇಕು. ಮೇಜಿನ ಕೆಳಗೆ ಮೊಣಕಾಲು ಸೇರುವಷ್ಟು ಎಡೆ ಇರಲಿ. ‘ಅಂಗವಿಕಲರ ಶೌಚಾಲಯ’ ಎಂದು ಬೋರ್ಡು ಹಾಕಿ ಒಳಗೆ ಬಕೆಟ್ಟು, ಪೊರಕೆ, ಮುರಿದ ಕುರ್ಚಿ ತುಂಬಿ ಬೀಗ ಜಡಿಯುವ ಪದ್ಧತಿ ನಿನ್ನ ಕಣ್ಣಿಗೆ ಬಿದ್ದರೆ ಅದೇ ದಿನ ತೆರವು ಮಾಡಿಸು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಬಳಿದ ಸುಣ್ಣಬಣ್ಣ ಕಾಟಾಚಾರ. ಓದುಗ ಬರುವುದು ವರ್ಷವಿಡೀ.

ಕಾನೂನನ್ನೂ ಓದಿಕೊ. ಕಾನೂನು ತಿಳಿದವಳ ಮಾತಿಗೆ ಆಡಳಿತದಲ್ಲಿ ತೂಕ ಜಾಸ್ತಿ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿತು, ಕಲಿಕೆಯ ತೊಡಕು, ಆಟಿಸಂ ಕೂಡ ಅದರಲ್ಲಿ ಸೇರಿದವು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕೆಂದು ಅದು ಹೇಳುತ್ತದೆ. ಸೀಟು ಕೊಟ್ಟು ಪುಸ್ತಕ ಕೊಡದಿದ್ದರೆ ಆ ಸೀಟಿಗೆ ಏನು ಬೆಲೆ? ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟು, ಪ್ರವೇಶಸೌಲಭ್ಯದ ಮಾನದಂಡಗಳನ್ನು ಪಾಲಿಸಿದರೆ ಪಾಲಿಸಿದಿರಿ, ಬಿಟ್ಟರೆ ಬಿಟ್ಟಿರಿ ಎನ್ನುವಂತಿಲ್ಲ, ಕಡ್ಡಾಯ ನಿಯಮಗಳನ್ನು ಮಾಡಲೇಬೇಕು ಎಂದಿತು. ಆದ್ದರಿಂದ ಆ ವಿದ್ಯಾರ್ಥಿಗೆ ಪುಸ್ತಕ ಒದಗಿಸುವಾಗ ಉಪಕಾರ ಮಾಡಿದೆ ಅನ್ನುವ ಭಾವ ನಿನ್ನ ದನಿಯಲ್ಲಿ ಸುಳಿಯದಿರಲಿ. ಅದು ಅವನ ಪಾಲಿನದು.

‘ಪುಸ್ತಕವನ್ನು ಪೂರ್ತಿ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ತಕರಾರು ಬರುತ್ತದೆ’ ಎಂದು ನಿನಗೆ ಹಿರಿಯರೇ ಹೆದರಿಸಬಹುದು. ಹೆದರಬೇಡ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಅಂಗವೈಕಲ್ಯವಿರುವವರು ಓದಬಲ್ಲ ರೂಪಕ್ಕೆ ಕೃತಿಯನ್ನು ಪರಿವರ್ತಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ. 52ನೆಯ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ, ಗ್ರಂಥಾಲಯಗಳ ಹೆಸರೂ ಅಲ್ಲೇ ಇದೆ. ಲಾಭಕ್ಕೆ ಮಾರಬಾರದು, ಪ್ರತಿ ಅಗತ್ಯವಿರುವವರ ಕೈಗಷ್ಟೇ ಹೋಗುವಂತೆ ನೋಡಿಕೊಳ್ಳಬೇಕು, ಇವಿಷ್ಟು ಷರತ್ತು. 2013ರಲ್ಲಿ ಮೊರಾಕೊದ ಮರಕೇಶ್ ನಗರದಲ್ಲಿ ಇದೇ ಉದ್ದೇಶದ ಜಾಗತಿಕ ಒಪ್ಪಂದವಾಯಿತು. ಮರುವರ್ಷ ಅದನ್ನು ಅನುಮೋದಿಸಿದ ದೇಶಗಳಲ್ಲಿ ಮೊಟ್ಟಮೊದಲನೆಯದು ನಮ್ಮ ಭಾರತ. ಇಷ್ಟು ಗಟ್ಟಿ ಆಧಾರ ಕೈಯಲ್ಲಿರುವಾಗ ಅಂಜಿಕೊಂಡು ಕೂರುವುದು ತಪ್ಪು.

ಇನ್ನು ಕೆಲಸ ಮಾಡುವ ಬಗೆ. ಒಂದು ಪಠ್ಯಪುಸ್ತಕ ಕೈಗೆ ಬಂತೆಂದಿಟ್ಟುಕೊ. ಮೊದಲು ‘ಸುಗಮ್ಯ ಪುಸ್ತಕಾಲಯ’ದಲ್ಲಿ ಹುಡುಕು. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಯಾರೋ ಆಗಲೇ ಆ ಪುಸ್ತಕ ಸಿದ್ಧಪಡಿಸಿ ಇಟ್ಟಿರಬಹುದು. ಇಲ್ಲದಿದ್ದರೆ ನೀನೇ ಮಾಡಬೇಕು. ಪುಸ್ತಕದ ಬೆನ್ನು ಚೆನ್ನಾಗಿ ಬಿಡಿಸಿ, 300 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡು. ಒಳ ಅಂಚಿನ ಸಾಲುಗಳು ನೆರಳಲ್ಲಿ ಮುಳುಗದಿರಲಿ. ಸ್ಕ್ಯಾನ್ ಮಾಡಿದ್ದು ಬರೀ ಚಿತ್ರ. ಅದನ್ನು ಪಿಡಿಎಫ್ ಮಾಡಿ ಕಳಿಸಿದರೆ ಪರದೆಯ ಪಠ್ಯವನ್ನು ದನಿಯಾಗಿಸುವ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಒಂದಕ್ಷರವನ್ನೂ ಓದಲಾರದು. ಪರೀಕ್ಷಿಸುವುದು ಸುಲಭ: ಆ ಪಿಡಿಎಫ್ ತೆರೆದು, ಎದುರಿಗೇ ಕಾಣುವ ಒಂದು ಪದವನ್ನು ಕಂಪ್ಯೂಟರಿನಲ್ಲಿ ಹುಡುಕಿಸು. ಸಿಗದಿದ್ದರೆ ಅದು ಅವನಿಗೆ ಖಾಲಿ ಹಾಳೆ. ಓಸಿಆರ್ ತಂತ್ರಾಂಶದಿಂದ ಅದನ್ನು ಪಠ್ಯವಾಗಿಸಬೇಕು. ಆಮೇಲೆ ಕೂತು ತಿದ್ದಬೇಕು. ನಮ್ಮ ಲಿಪಿಗಳಲ್ಲಿ ಒತ್ತಕ್ಷರ, ದೀರ್ಘ ಎಡವುವುದು ಹೆಚ್ಚು. ಅಧ್ಯಾಯದ ತಲೆಬರಹಗಳನ್ನು ತಲೆಬರಹವೆಂದೇ ಗುರುತು ಮಾಡಿದರೆ ಓದುಗ ಒಂದು ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗಬಲ್ಲ. ಚಿತ್ರ, ನಕ್ಷೆ ಇದ್ದಲ್ಲಿ ಅದರಲ್ಲಿ ಏನಿದೆಯೆಂದು ಎರಡು ಸಾಲು ಬರೆ. ಮುಖ್ಯವಾಗಿ, ಮುದ್ರಿತ ಪುಸ್ತಕದ ಪುಟಸಂಖ್ಯೆಗಳನ್ನು ಹಾಗೆಯೇ ಉಳಿಸು. ‘ನಲವತ್ತೇಳನೆಯ ಪುಟ ತೆಗೆಯಿರಿ’ ಎಂದು ಮೇಷ್ಟ್ರು ತರಗತಿಯಲ್ಲಿ ಹೇಳಿದಾಗ ಅವನೂ ತೆಗೆಯಬೇಕು. ಪ್ರಬಂಧ ಬರೆಯುವಾಗ ಅವನೂ ಪುಟ ಹೆಸರಿಸಬೇಕು. ಮುಗಿದ ಮೇಲೆ ನಿನ್ನ ಪ್ರತಿಯನ್ನು ಸುಗಮ್ಯಕ್ಕೆ ಸೇರಿಸಲು ವ್ಯವಸ್ಥೆ ಮಾಡು. ತಿರುವನಂತಪುರದಲ್ಲಿ ಇನ್ನೊಬ್ಬಳು ಅದೇ ಪುಸ್ತಕವನ್ನು ಮತ್ತೆ ಮೊದಲಿಂದ ಸ್ಕ್ಯಾನ್ ಮಾಡುವುದು ತಪ್ಪಲಿ.

ಕನ್ನಡದ ಕಡತಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಎಷ್ಟೋ ಪಠ್ಯಗಳು, ಪ್ರಬಂಧಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾಗಿವೆ. ಪರದೆಯ ಮೇಲೆ ಮುದ್ದಾದ ಕನ್ನಡವೇ ಕಾಣುತ್ತದೆ, ಆದರೆ ಒಳಗಿರುವುದು ಇಂಗ್ಲಿಷ್ ಕೀಲಿಗಳ ಚಿಹ್ನೆಗಳು. ಸ್ಕ್ರೀನ್ ರೀಡರ್ ಅದನ್ನು ಓದತೊಡಗಿದರೆ ಅರ್ಥವಿಲ್ಲದ ಸದ್ದು ಕೇಳಿಸುತ್ತದೆ. ಮಲಯಾಳದಲ್ಲೂ ಇದೇ ಪಾಡು. ಅಧ್ಯಾಪಕರಿಂದ ಟಿಪ್ಪಣಿ ಪಡೆಯುವಾಗಲೇ ಯೂನಿಕೋಡ್‌ನಲ್ಲಿ ಕೊಡಿ ಎಂದು ಕೇಳು, ಹಳೆಯದನ್ನು ಪರಿವರ್ತಿಸಿಕೊ. ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಕನ್ನಡ, ಮಲಯಾಳ ಎರಡನ್ನೂ ಓದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಮತ್ತು ಅವರ ಶಿಷ್ಯರು ಕನ್ನಡಕ್ಕೆ ಓಸಿಆರ್, ಪಠ್ಯವನ್ನು ಮಾತಾಗಿಸುವ ತಂತ್ರಾಂಶ ಎರಡನ್ನೂ ರೂಪಿಸಿದ್ದಾರೆ. ಕಾವ್ಯ, ನಾಟಕಗಳಿಗೆ ಮಾತ್ರ ಯಂತ್ರದ ದನಿ ಒಪ್ಪುವುದಿಲ್ಲ. ಅದಕ್ಕೆ ಮನುಷ್ಯರ ದನಿಯೇ ಬೇಕು. ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಲ್ 1990ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮಿತ್ರಜ್ಯೋತಿ ಸಂಸ್ಥೆಯ ಮಾತಾಡುವ ಪುಸ್ತಕಗಳು ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದವು. ನಿನ್ನ ಕಾಲೇಜಿನಲ್ಲೂ ಚೆನ್ನಾಗಿ ಓದುವ ಮಕ್ಕಳಿದ್ದಾರೆ, ಅವರನ್ನು ಕೂಡಿಸಿಕೊ.

ಕಣ್ಣು ಕಾಣದವರೆಲ್ಲ ಬ್ರೈಲ್ ಓದುತ್ತಾರೆಂದು ತಿಳಿಯಬೇಡ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ಬ್ರೈಲ್ ಬಾರದಿರಬಹುದು. ಮಂದದೃಷ್ಟಿಯವರಿಗೆ ಹದಿನೆಂಟು ಪಾಯಿಂಟಿನ ದೊಡ್ಡ ಅಕ್ಷರ, ಒಳ್ಳೆಯ ಬೆಳಕು ಸಾಕಾಗಬಹುದು. ಸಂಗೀತ ಕಲಿಯುವ ಅಂಧ ವಿದ್ಯಾರ್ಥಿಯ ಕಿವಿಯನ್ನು ಎಲ್ಲರೂ ಹೊಗಳುತ್ತಾರೆ. ಗದಗಿನ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಕಂಡ ನಾಡು ನಮ್ಮದು. ಆದರೆ ಕಾಲೇಜಿನಲ್ಲಿ ಆ ಹುಡುಗಿ ಶಾಸ್ತ್ರದ ಪತ್ರಿಕೆಯನ್ನೂ ಬರೆಯಬೇಕಲ್ಲ, ಅದಕ್ಕೆ ಪುಸ್ತಕ ಬೇಕಲ್ಲ! ಅದನ್ನು ಯೋಚಿಸುವವರು ಕಡಿಮೆ. ‘ನಿನಗೆ ಯಾವ ರೂಪದಲ್ಲಿ ಬೇಕು?’ ಎಂದು ಕೇಳಿಬಿಡು. ಅವಳ ಜೊತೆಗೆ ಬಂದವರನ್ನಲ್ಲ, ಅವಳನ್ನೇ ಕೇಳು.

ಗ್ರಂಥಾಲಯದ ಸೂಚಿಯನ್ನೂ ಹೀಗೆಯೇ ಪರೀಕ್ಷಿಸು. ಕೇರಳದ ಬಹಳಷ್ಟು ಕಾಲೇಜುಗಳಲ್ಲಿ ಕೋಹಾ ತಂತ್ರಾಂಶವಿದೆ. ಮೌಸನ್ನು ಬದಿಗಿಟ್ಟು, ಪರದೆ ಆರಿಸಿ, ಬರೀ ಕೀಲಿಮಣೆ ಮತ್ತು ಕಿವಿಯ ಬಲದಿಂದ ಒಂದು ಪುಸ್ತಕ ಹುಡುಕಿ ಕಾಯ್ದಿರಿಸಲು ಪ್ರಯತ್ನಿಸು. ಎಲ್ಲಿ ಸಿಕ್ಕಿಹಾಕಿಕೊಂಡೆಯೋ ಅಲ್ಲಿ ನಿನ್ನ ಓದುಗನೂ ಸಿಕ್ಕಿಹಾಕಿಕೊಳ್ಳುತ್ತಾನೆ. ಗ್ರಂಥಾಲಯ ಚಂದಾ ಕಟ್ಟುವ ಇ-ಪುಸ್ತಕ, ಇ-ಪತ್ರಿಕೆಗಳಿಗೂ ಇದೇ ಪರೀಕ್ಷೆ. ದುಡ್ಡು ಕಟ್ಟುವ ಮುನ್ನ ಮಾರಾಟಗಾರರಿಂದ ಲಿಖಿತ ಉತ್ತರ ಪಡೆ, ಆಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಿವಿ ಕೇಳದ ವಿದ್ಯಾರ್ಥಿಯ ತೊಂದರೆ ಹೊರಗೆ ಕಾಣುವುದಿಲ್ಲ. ಪುಸ್ತಕ ಕಣ್ಣೆದುರಿಗೇ ಇದೆಯಲ್ಲ, ಓದಿಕೊಳ್ಳಲಿ ಅನ್ನುತ್ತೇವೆ. ಸಂಜ್ಞೆಯಲ್ಲಿ ಬೆಳೆದವರಿಗೆ ಬರಹದ ಮಲಯಾಳ, ಇಂಗ್ಲಿಷ್ ಎರಡನೆಯ ಭಾಷೆ. ಹೊಸಬರಿಗೆ ಗ್ರಂಥಾಲಯ ಪರಿಚಯಿಸುವ ದಿನ ನೀನು ಮಾತಿನಲ್ಲೇ ಎಲ್ಲ ಹೇಳಿ ಮುಗಿಸಿದರೆ ಅವರಿಗೆ ಏನೂ ಮುಟ್ಟದು. ತಿರುವನಂತಪುರದ ಆಕ್ಕುಳಂನಲ್ಲಿ ‘ನಿಷ್’ ಇದೆ, 1997ರಲ್ಲಿ ಸ್ಥಾಪನೆಯಾದ ಮಾತು ಮತ್ತು ಶ್ರವಣ ಸಂಸ್ಥೆ. 2008ರಿಂದ ಶ್ರವಣದೋಷವಿರುವವರಿಗೆ ಪದವಿ ತರಗತಿಗಳನ್ನೂ ನಡೆಸುತ್ತಿದೆ. ಒಮ್ಮೆ ಹೋಗಿ ಅಲ್ಲಿ ಕಲಿಸುವ ರೀತಿ ನೋಡಿ ಬಾ. ಭಾರತೀಯ ಸಂಜ್ಞಾಭಾಷೆಯ ನಿಘಂಟಿನಲ್ಲಿ 2021ರ ಹೊತ್ತಿಗೆ ಹತ್ತು ಸಾವಿರ ಪದಗಳಾಗಿವೆ. ಅದರಿಂದ ಗ್ರಂಥಾಲಯಕ್ಕೆ ಬೇಕಾದಷ್ಟನ್ನಾದರೂ ಕಲಿ. ನೀನು ಹಾಕುವ ಪ್ರತಿ ವಿಡಿಯೋಕ್ಕೂ ಕೆಳಬರಹ ಇರಲಿ. ಮಾತಾಡುವಾಗ ಬೆಳಕು ನಿನ್ನ ಮುಖದ ಮೇಲೆ ಬೀಳುವಂತೆ ನಿಲ್ಲು.

ನಮ್ಮ ಕಾಸರಗೋಡನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆ ಮನೆಮನೆಯಲ್ಲಿ ಮಕ್ಕಳು ನರಳಿದರು. ವೈದ್ಯ ಮೋಹನ್‌ಕುಮಾರ್, ಪತ್ರಕರ್ತ ಶ್ರೀಪಡ್ರೆ ಅವರಂಥವರು ಪಟ್ಟುಹಿಡಿದು ಬರೆದು ಲೋಕಕ್ಕೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಕನ್ನಡ, ತುಳು ಮಾತಾಡುವ ಆ ಮನೆಗಳ ಮಕ್ಕಳಲ್ಲಿ ಓದುವ ಆಸೆ ಹೊತ್ತವರೂ ಇದ್ದಾರೆ. ಕಾಸರಗೋಡಿನ ವಿದ್ಯಾನಗರದಲ್ಲೇ ಸರ್ಕಾರಿ ಅಂಧರ ಶಾಲೆಯೂ ಇದೆ, ಕನ್ನಡದಲ್ಲಿ ಸ್ನಾತಕೋತ್ತರ ಓದಿಸುವ ಸರ್ಕಾರಿ ಕಾಲೇಜೂ ಇದೆ. ಎರಡರ ನಡುವಿನ ದೂರ ರಸ್ತೆಯಲ್ಲಿ ಅತ್ಯಲ್ಪ. ಆ ಶಾಲೆಯಿಂದ ಈ ಕಾಲೇಜಿಗೆ, ಈ ಕಾಲೇಜಿನಿಂದ ಮುಂದಿನ ಸಂಶೋಧನೆಗೆ ಒಂದು ಮಗು ಸರಾಗವಾಗಿ ಸಾಗಬೇಕಾದರೆ ದಾರಿಯ ಪ್ರತಿ ಗ್ರಂಥಾಲಯದಲ್ಲೂ ನಿನ್ನಂಥವಳೊಬ್ಬಳು ಬೇಕು. ಕನ್ನಡದ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ತರುವ ಕೆಲಸವನ್ನು ಕೊಚ್ಚಿಯಲ್ಲಿ ಕೂತೂ ನೀನು ಮಾಡಬಹುದು. ಕಡತಕ್ಕೆ ಗಡಿಯಿಲ್ಲ.

ನಡವಳಿಕೆಯ ಮಾತೆರಡು. ಕೇಳದೆ ಯಾರ ಕೈಯನ್ನೂ ಹಿಡಿದೆಳೆಯಬೇಡ. ಬೇಕೆಂದರೆ ನಿನ್ನ ಮೊಣಕೈ ಕೊಡು, ಅವರು ಹಿಡಿದುಕೊಂಡು ಬರುತ್ತಾರೆ. ಗಾಲಿಕುರ್ಚಿಯನ್ನು ಅನುಮತಿಯಿಲ್ಲದೆ ತಳ್ಳಬೇಡ. ಮೇಜು, ಕುರ್ಚಿಗಳ ಜಾಗ ಬದಲಿಸಿದರೆ ದೃಷ್ಟಿಯಿಲ್ಲದವರಿಗೆ ಮೊದಲೇ ತಿಳಿಸು. ಅವರ ಮುಂದೆ ‘ಪಾಪ’ ಅನ್ನಬೇಡ, ಬೆನ್ನ ಹಿಂದೆಯೂ ಅನ್ನಬೇಡ. ಮೂಲೆಯಲ್ಲಿ ಒಂದು ಕೋಣೆ ಮಾಡಿ ಇವರನ್ನೆಲ್ಲ ಅಲ್ಲಿಗೇ ಕಳಿಸಿಬಿಡುವ ಏರ್ಪಾಟಿಗೆ ಒಪ್ಪಬೇಡ. ಉಪಕರಣ ಎಲ್ಲಿದ್ದರೂ ಇರಲಿ, ಓದುವುದು ಎಲ್ಲರ ನಡುವೆಯೇ ಆಗಬೇಕು. ಸಮಿತಿಯಲ್ಲಿ ಇವರ ವಿಷಯ ಚರ್ಚೆಯಾಗುವಾಗ ಇವರಲ್ಲೊಬ್ಬರು ಕೂತಿರಬೇಕೆಂದು ಹಠ ಮಾಡು.

ದುಡ್ಡಿಲ್ಲ ಎಂಬ ಉತ್ತರ ಬಂದೇ ಬರುತ್ತದೆ. ಎದೆಗುಂದಬೇಡ. ಲಿಫ್ಟಿಗೆ, ಬ್ರೈಲ್ ಮುದ್ರಕಕ್ಕೆ ದುಡ್ಡು ಬೇಕು, ಅದಕ್ಕಾಗಿ ಅರ್ಜಿ ಬರೆಯುತ್ತಲೇ ಇರು. ಆದರೆ ಓಣಿ ಅಗಲ ಮಾಡಲು, ಯೂನಿಕೋಡ್ ಕೇಳಲು, ಎನ್‌ವಿಡಿಎ ಹಾಕಲು, ಶೌಚಾಲಯದ ಬೀಗ ತೆಗೆಯಲು ದುಡ್ಡು ಬೇಡ. ಅಷ್ಟನ್ನು ಮೊದಲು ಮಾಡಿ ಮುಗಿಸು. ಮಾಡಿದ್ದು ಕಣ್ಣಿಗೆ ಕಂಡರೆ ದುಡ್ಡು ಕೊಡುವವರ ಮನಸ್ಸೂ ತಿರುಗುತ್ತದೆ.

ಕೊನೆಯದಾಗಿ, ಬೇಸಗೆ ರಜೆಯನ್ನು ವ್ಯರ್ಥ ಮಾಡಬೇಡ. ಪ್ರವೇಶದ ಪಟ್ಟಿ ಬಂದ ಕೂಡಲೇ ಯಾರಿಗೆ ಯಾವ ರೂಪದಲ್ಲಿ ಪುಸ್ತಕ ಬೇಕೆಂದು ಫೋನ್ ಮಾಡಿ ಕೇಳು. ಪ್ರತಿ ವಿಭಾಗದಿಂದ ಪಠ್ಯಪಟ್ಟಿಯನ್ನು ಮುಂಚಿತವಾಗಿಯೇ ತರಿಸಿಕೊ, ಕೊಡದವರ ಬೆನ್ನು ಬಿಡಬೇಡ. ಮೊದಲ ತಿಂಗಳಿಗೆ ಬೇಕಾದ ಅಧ್ಯಾಯಗಳನ್ನು ಮೊದಲು ಸಿದ್ಧಮಾಡು, ಉಳಿದದ್ದನ್ನು ಪಾಠದ ವೇಗಕ್ಕೆ ಸರಿಯಾಗಿ ಮುಗಿಸುತ್ತ ಹೋಗು. ಪುಸ್ತಕ ಕೇಳಿದ ದಿನ, ಕೊಟ್ಟ ದಿನ ಎರಡನ್ನೂ ಒಂದು ವಹಿಯಲ್ಲಿ ಬರೆದಿಡು. ವರ್ಷದ ಕೊನೆಗೆ ಆ ಎರಡು ಅಂಕಣಗಳನ್ನು ನೋಡು. ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದರೆ ನೀನು ಸರಿಯಾದ ದಾರಿಯಲ್ಲಿದ್ದೀ. ಅಂತರವೇ ಇಲ್ಲದ ವರ್ಷ ಬಂದಾಗ ನನಗೊಂದು ಕಾಗದ ಬರೆ. ಆಮೇಲೆ ನಿನಗಿಂತ ಕಿರಿಯರನ್ನು ಕೂರಿಸಿಕೊಂಡು ಈ ಕೆಲಸವನ್ನು ಕಲಿಸು.